ಬಿಸಿಎ ಮುಗಿದಿದೆ, ಮೊದಲ ಡೆವಲಪರ್ ಕೆಲಸಕ್ಕೆ ಹೇಗೆ ತಯಾರಾಗಲಿ? ಕೋರ್ಸಿಗೆ ದುಡ್ಡು ಕಟ್ಟಲೇ?

ತಿಪಟೂರು_ಬಿಸಿಎ

ಎಲ್ಲರಿಗೂ ನಮಸ್ಕಾರ. ತಿಪಟೂರು ಹತ್ತಿರದ ಹಳ್ಳಿಯವಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಸಿಎ ಮುಗಿಸಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ 56%, ಡಿಗ್ರಿಯಲ್ಲಿ 74%. ನಮ್ಮ ಕಾಲೇಜಿಗೆ ಕ್ಯಾಂಪಸ್ ಅಂತ ಬಂದದ್ದು ಕಾಲ್ ಸೆಂಟರ್ ಮತ್ತು ಸೇಲ್ಸ್ ಕೆಲಸದವರು ಮಾತ್ರ.

ಸಿ, ಜಾವಾ ಬೇಸಿಕ್ಸ್, ಎಚ್‌ಟಿಎಂಎಲ್, ಸಿಎಸ್‌ಎಸ್, ಸ್ವಲ್ಪ ಜಾವಾಸ್ಕ್ರಿಪ್ಟ್ ಬರುತ್ತದೆ. ಯೂಟ್ಯೂಬ್ ನೋಡಿಕೊಂಡು ಒಂದು ಶಾಪಿಂಗ್ ವೆಬ್‌ಸೈಟ್ ಮಾಡಿದ್ದೇನೆ. ಬೆಂಗಳೂರಿನ ಒಂದು ಇನ್‌ಸ್ಟಿಟ್ಯೂಟಿನವರು ಫುಲ್ ಸ್ಟ್ಯಾಕ್ (ವೆಬ್‌ಸೈಟಿನ ಮುಂಭಾಗ, ಸರ್ವರ್ ಭಾಗ ಎರಡೂ ಕಲಿಸುವ) ಕೋರ್ಸಿಗೆ 65,000 ಕೇಳುತ್ತಿದ್ದಾರೆ. ನೂರಕ್ಕೆ ನೂರು ಪ್ಲೇಸ್‌ಮೆಂಟ್ ಎನ್ನುತ್ತಾರೆ. ಅಪ್ಪ ಸಾಲ ಮಾಡಿಯಾದರೂ ಕಟ್ಟೋಣ ಅಂತಿದ್ದಾರೆ. ನನಗೆ ಧೈರ್ಯ ಸಾಲುತ್ತಿಲ್ಲ.

ಕಟ್ಟಲೇ ಬೇಡವೇ? ಯಾವ ಭಾಷೆ ಹಿಡಿಯಲಿ? ಡಿಎಸ್‌ಎ (ಡೇಟಾ ಸ್ಟ್ರಕ್ಚರ್, ಅಲ್ಗಾರಿದಮ್) ಎಷ್ಟು ಬೇಕು? ಅಥವಾ ಸುಮ್ನೆ ಎಂಸಿಎ ಸೇರಿಬಿಡಲೇ? ಅಣ್ಣ, ಅಕ್ಕಂದಿರು ದಯವಿಟ್ಟು ಹೇಳಿ.

ಬಸವನಗುಡಿ_ಬ್ಯಾಕೆಂಡ್

ನಮ್ಮ ಟೀಮಿಗೆ ಫ್ರೆಶರ್‌ಗಳನ್ನು ಇಂಟರ್‌ವ್ಯೂ ಮಾಡುವವರಲ್ಲಿ ನಾನೂ ಒಬ್ಬ. ಆ ಕಡೆ ಕೂತು ಏನು ನೋಡುತ್ತೇನೆ ಅನ್ನುವುದನ್ನು ಮೊದಲು ಹೇಳುತ್ತೇನೆ.

ರೆಸ್ಯೂಮೆಯಲ್ಲಿ ಹತ್ತು ಟೆಕ್ನಾಲಜಿ ಹೆಸರಿದ್ದರೆ ನನಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಶಾಪಿಂಗ್ ಸೈಟ್, ಓಟಿಟಿ ಸೈಟಿನ ನಕಲು, ಟುಡು ಲಿಸ್ಟ್ ಇವು ಹತ್ತರಲ್ಲಿ ಎಂಟು ರೆಸ್ಯೂಮೆಯಲ್ಲಿ ಇರುತ್ತವೆ. ಅದು ತಪ್ಪಲ್ಲ. ಆದರೆ "ಗ್ರಾಹಕ ದುಡ್ಡು ಕಟ್ಟಿದ ಮೇಲೆ ನೆಟ್‌ವರ್ಕ್ ಹೋಯಿತು. ಆರ್ಡರ್ ಏನಾಗುತ್ತದೆ?" ಎಂದು ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಯಾಕೆಂದರೆ ವಿಡಿಯೊದಲ್ಲಿ ಆ ಪ್ರಶ್ನೆ ಬಂದಿರುವುದಿಲ್ಲ. ವಿಡಿಯೊದಲ್ಲಿ ಎಲ್ಲವೂ ಮೊದಲ ಸಲಕ್ಕೇ ಓಡುತ್ತದೆ.

ನನಗೆ ಬೇಕಾದದ್ದು ಒಂದೇ ಪ್ರಾಜೆಕ್ಟ್. ಚಿಕ್ಕದಿರಲಿ, ಮುಗಿದಿರಲಿ, ಯಾರಾದರೂ ಬಳಸುತ್ತಿರಲಿ. ಅದರ ಪ್ರತಿ ಸಾಲು ಅಲ್ಲಿ ಯಾಕಿದೆ ಎಂದು ಮಾಡಿದವರು ಹೇಳಬೇಕು. ಅಷ್ಟಿದ್ದರೆ ಉಳಿದದ್ದನ್ನು ನಾವು ಕಲಿಸಿಕೊಳ್ಳುತ್ತೇವೆ.

ಭಾಷೆ ಬಗ್ಗೆ: ನಿಮಗೆ ಜಾವಾ ಶುರುವಾಗಿದೆ, ಅದನ್ನೇ ಹಿಡಿಯಿರಿ. ಬೆಂಗಳೂರಿನಲ್ಲಿ ಜಾವಾ ಮತ್ತು ಅದರ ಫ್ರೇಮ್‌ವರ್ಕ್ ಆದ ಸ್ಪ್ರಿಂಗ್ ಬೂಟ್ ಕೆಲಸಕ್ಕೆ ಬರವಿಲ್ಲ. ಬ್ಯಾಂಕು, ಇನ್ಶೂರೆನ್ಸ್ ಸಾಫ್ಟ್‌ವೇರ್ ತುಂಬಾ ಅದರಲ್ಲೇ ಇದೆ. ಜೊತೆಗೆ ಎಸ್‌ಕ್ಯೂಎಲ್ (ಡೇಟಾಬೇಸಿನಿಂದ ಮಾಹಿತಿ ಕೇಳುವ ಭಾಷೆ) ಮತ್ತು ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ಸಾಧನ). ಇವೆರಡೂ ಭಾಷೆ ಬದಲಾದರೂ ಕೈಬಿಡುವುದಿಲ್ಲ. ಪ್ರತಿ ತಿಂಗಳು ಹೊಸ ಭಾಷೆಗೆ ಹಾರಬೇಡಿ.

65,000ಕ್ಕೆ ನನ್ನ ಉತ್ತರ ಸದ್ಯಕ್ಕೆ ಬೇಡ. ಸಾಲ ಮಾಡಿಯಂತೂ ಬೇಡ.

ರಾಯಚೂರು_ಜಾವಾ

ಬಸವನಗುಡಿ ಅಣ್ಣನ ಮಾತಿಗೆ ಇನ್ನೊಂದು ಮುಖ ಸೇರಿಸುತ್ತೇನೆ. ನಾನು ಇನ್‌ಸ್ಟಿಟ್ಯೂಟಿಗೆ ಹೋದವನು, ಈಗ ಕೆಲಸದಲ್ಲಿದ್ದೇನೆ. ಅಲ್ಲಿ ಸಿಕ್ಕ ದೊಡ್ಡ ಲಾಭ ಪಾಠ ಅಲ್ಲ, ಜೊತೆಗಾರರು. ಬೆಳಗ್ಗೆ ಎದ್ದು ಹೋಗಲೇಬೇಕು, ಪಕ್ಕದವರು ಬರೆಯುತ್ತಿದ್ದಾರೆ, ನಾನೂ ಬರೆಯಬೇಕು. ಊರಲ್ಲಿ ಒಬ್ಬಳೇ ಕೂತು ಓದುವುದು ಎಲ್ಲರಿಗೂ ಆಗುವುದಿಲ್ಲ. ಅದನ್ನು ಹಗುರವಾಗಿ ನೋಡಬಾರದು.

ಆದರೆ ಫೀಸು ಒಂದೇ ಖರ್ಚಲ್ಲ. ಬೆಂಗಳೂರಿನ ಬಿಟಿಎಂ ಕಡೆ ಪಿಜಿ ಬಾಡಿಗೆ, ಊಟ, ಬಸ್ಸು ಸೇರಿದರೆ ಕೋರ್ಸ್ ಮುಗಿಯುವ ಹೊತ್ತಿಗೆ ಇನ್ನೊಂದು ಫೀಸಿನಷ್ಟು ಆಗಿರುತ್ತದೆ. ಕೋರ್ಸ್ ಮುಗಿದ ಮರುದಿನ ಕೆಲಸ ಸಿಗುವುದಿಲ್ಲ, ಆ ಖಾಲಿ ತಿಂಗಳುಗಳ ಬಾಡಿಗೆಯೂ ಇದೆ.

ಸೇರುವ ಮುಂಚೆ ಕೌನ್ಸೆಲರ್ ಹತ್ತಿರ ಮಾತಾಡಬೇಡಿ. ಮಧ್ಯಾಹ್ನ ಕ್ಲಾಸ್ ಬಿಡುವ ಹೊತ್ತಿಗೆ ಗೇಟಿನ ಹೊರಗೆ ಟೀ ಅಂಗಡಿ ಹತ್ತಿರ ನಿಂತು, ಹಿಂದಿನ ಬ್ಯಾಚಿನವರನ್ನು ಕೇಳಿ. ಬ್ಯಾಚಿನಲ್ಲಿ ಎಷ್ಟು ಜನ, ಎಷ್ಟು ಜನಕ್ಕೆ ಕೆಲಸ ಆಯಿತು, ಡೆವಲಪರ್ ಕೆಲಸವೋ ಬೇರೆಯೋ? ಪ್ಲೇಸ್‌ಮೆಂಟ್ ಗ್ಯಾರಂಟಿ ಎಂದರೆ ಎಷ್ಟೋ ಕಡೆ ಇಂಟರ್‌ವ್ಯೂಗೆ ಕಳಿಸುವುದು ಎಂದಷ್ಟೇ ಅರ್ಥ. ಗ್ಯಾರಂಟಿ ಇದ್ದರೆ ಕೆಲಸ ಸಿಗದಿದ್ದಾಗ ಫೀಸು ವಾಪಸ್ ಎಂದು ಬರೆದುಕೊಡಲಿ. ಅಲ್ಲೇ ಮಾತು ಬದಲಾಗುತ್ತದೆ, ನೋಡಿ.

ಇನ್ನೊಂದು ಮುಖ್ಯವಾದದ್ದು. ಕೆಲವು ಕಡೆ "ಮೂರು ವರ್ಷ ಎಕ್ಸ್‌ಪೀರಿಯನ್ಸ್ ಹಾಕಿಕೊಡುತ್ತೇವೆ, ಅದಕ್ಕೆ ಬೇರೆ ದುಡ್ಡು" ಎನ್ನುತ್ತಾರೆ. ನನಗೂ ಹೇಳಿದ್ದರು. ಆ ಕಡೆ ತಲೆ ಹಾಕಬೇಡಿ.

ಕಾಯಿದೆ_ಓದುಗ

ರಾಯಚೂರಿನವರು ಹೇಳಿದ್ದನ್ನೇ ಸ್ವಲ್ಪ ಬಿಡಿಸುತ್ತೇನೆ. ನಾನು ಕಂಪನಿಯೊಂದರ ಎಚ್‌ಆರ್ ವಿಭಾಗದಲ್ಲಿ ದಾಖಲೆ ಪರಿಶೀಲನೆ ನೋಡುವವನು.

ಸುಳ್ಳು ಅನುಭವ ಸಿಕ್ಕಿಬೀಳುವುದು ಪಿಎಫ್ ದಾಖಲೆಯಲ್ಲಿ. 2014ರಿಂದ ಪ್ರತಿ ಪಿಎಫ್ ಸದಸ್ಯರಿಗೂ ಯುಎಎನ್ ಎಂಬ ಒಂದೇ ನಂಬರ್ ಇದೆ. ಯಾವ ಕಂಪನಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಎಂಬುದು ಅದರ ಸರ್ವಿಸ್ ಹಿಸ್ಟರಿಯಲ್ಲಿ ಕಾಣುತ್ತದೆ. ಮೂರು ವರ್ಷ ಕೆಲಸ ಮಾಡಿದ್ದೇನೆ ಎಂದು ಬರೆದು ಪಿಎಫ್ ಖಾಲಿ ಇದ್ದರೆ ಸ್ಯಾಲರಿ ಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16 ಕೇಳುತ್ತೇವೆ. ಸೇರಿ ಆರು ತಿಂಗಳಾದ ಮೇಲೂ ಇದೇ ಕಾರಣಕ್ಕೆ ಜನರನ್ನು ತೆಗೆದದ್ದಿದೆ. ಮುಂದಿನ ಕಂಪನಿಯಲ್ಲೂ ಅದರ ನೆರಳು ಬಿಡುವುದಿಲ್ಲ.

ಬಾಂಡ್, ಅಂದರೆ ಇಷ್ಟು ವರ್ಷ ಕೆಲಸ ಬಿಡುವುದಿಲ್ಲ ಎಂದು ಕಂಪನಿಗೆ ಬರೆದುಕೊಡುವುದರ ಬಗ್ಗೆ. "ಬಾಂಡ್ ಎಲ್ಲಾ ಕೋರ್ಟಲ್ಲಿ ನಿಲ್ಲೋದಿಲ್ಲ, ಸೈನ್ ಹಾಕಿಬಿಡು" ಎನ್ನುವವರ ಮಾತು ಕೇಳಬೇಡಿ. 1872ರ ಕರಾರು ಕಾಯಿದೆಯ 27ನೇ ಸೆಕ್ಷನ್ ಪ್ರಕಾರ ಒಬ್ಬರು ದುಡಿಯುವುದನ್ನೇ ತಡೆಯುವ ಕರಾರು ನಡೆಯುವುದಿಲ್ಲ, ನಿಜ. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಒಂದು ಸರ್ಕಾರಿ ಬ್ಯಾಂಕಿನ ಕೇಸಿನಲ್ಲಿ, ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಎಂಬ ಷರತ್ತನ್ನು ಎತ್ತಿಹಿಡಿದಿದೆ. ಆದ್ದರಿಂದ ಓದಿ ಸಹಿ ಹಾಕಿ. ಮೊತ್ತ ಎಷ್ಟು, ಎಷ್ಟು ವರ್ಷ, ಕಂಪನಿಯವರೇ ತೆಗೆದರೆ ಏನು ಎಂಬ ಮೂರನ್ನೂ ನೋಡಿ.

ಒರಿಜಿನಲ್ ಮಾರ್ಕ್ಸ್ ಕಾರ್ಡು, ಸಹಿ ಮಾಡಿದ ಖಾಲಿ ಚೆಕ್ಕು ಯಾರ ಕೈಗೂ ಕೊಡಬೇಡಿ. ಒರಿಜಿನಲ್ ತೋರಿಸಿ, ಜೆರಾಕ್ಸ್ ಕೊಟ್ಟು ಬನ್ನಿ. ಲ್ಯಾಪ್‌ಟಾಪ್ ಡಿಪಾಸಿಟ್, ರಿಜಿಸ್ಟ್ರೇಷನ್ ಫೀ ಎಂದು ಕೆಲಸ ಕೊಡುವವರೇ ದುಡ್ಡು ಕೇಳಿದರೆ ಅದು ಮೋಸವೇ. ಆಗಲೇ ಕಳಿಸಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ತಿಪಟೂರು_ಬಿಸಿಎ

ಇಷ್ಟು ವಿವರ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ. ಸಾಲದ ಮಾತು ಸದ್ಯಕ್ಕೆ ನಿಂತಿದೆ.

ಒಂದೇ ಪ್ರಾಜೆಕ್ಟ್ ಸಾಕು ಅಂದಿರಿ. ಆದರೆ ಯಾವುದು ಮಾಡಲಿ? ಯೋಚಿಸಿದರೆ ಬರೀ ನೋಡಿದ ಆ್ಯಪ್‌ಗಳೇ ನೆನಪಿಗೆ ಬರುತ್ತವೆ. ಮನೆಯಲ್ಲಿ ತೆಂಗಿನ ತೋಟ, ಅಪ್ಪ ಕೊಬ್ಬರಿ ಮಾರುತ್ತಾರೆ. ನಮಗೆ ಗೊತ್ತಿರುವುದು ಅಷ್ಟೇ.

ಹುಬ್ಬಳ್ಳಿ_ಹೈದ

ತಂಗಿ, "ಅಷ್ಟೇ" ಅನ್ನಬೇಡ. ನಿನ್ನ ಪ್ರಾಜೆಕ್ಟ್ ಅಲ್ಲೇ ಇದೆ.

ತಿಪಟೂರು ಎಪಿಎಂಸಿಯ ಕೊಬ್ಬರಿ ಧಾರಣೆ ಇಡೀ ಸೀಮೆಗೆ ಬೇಕಾದ ಸುದ್ದಿ. ಅಪ್ಪ ಅದನ್ನು ಹೇಗೆ ತಿಳಿದುಕೊಳ್ಳುತ್ತಾರೆ? ಪೇಪರ್ ನೋಡಿ, ವಾಟ್ಸಾಪ್ ಗ್ರೂಪ್ ನೋಡಿ, ದಲ್ಲಾಳಿಗೆ ಫೋನ್ ಮಾಡಿ, ಅಲ್ವಾ? ಹೋದ ವರ್ಷ ಇದೇ ತಿಂಗಳು ಎಷ್ಟಿತ್ತು ಎಂದು ಕೇಳಿದರೆ ಯಾರ ಹತ್ತಿರವೂ ತಕ್ಷಣ ಉತ್ತರ ಇರುವುದಿಲ್ಲ. ಆ ಉತ್ತರ ಕೊಡುವ ಒಂದು ಪುಟ ಮಾಡು. ಕನ್ನಡದಲ್ಲಿ, ಮೊಬೈಲಿನಲ್ಲಿ ತೆರೆಯುವಂಥದ್ದು.

ಡೇಟಾ ಎಲ್ಲಿಂದ? ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್‌ನಲ್ಲಿ ಮಾರುಕಟ್ಟೆವಾರು ದರ ಇರುತ್ತದೆ. ಡೇಟಾ ಡಾಟ್ ಗವ್ ಡಾಟ್ ಇನ್‌ನಲ್ಲಿ ಅದೇ ದಿನದ ದರಗಳಿಗೆ ಎಪಿಐ (ನಮ್ಮ ಪ್ರೋಗ್ರಾಂ ನೇರವಾಗಿ ಡೇಟಾ ಕೇಳಿ ಪಡೆಯುವ ದಾರಿ) ಇದೆ, ನೋಂದಾಯಿಸಿಕೊಂಡರೆ ಕೀ ಕೊಡುತ್ತಾರೆ. ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಮಾರಾಟವಾದ) ಬೆಲೆ ಮೂರೂ ಕ್ವಿಂಟಾಲ್ ಲೆಕ್ಕದಲ್ಲಿ ಬರುತ್ತವೆ.

ಶುರು ಮಾಡಿದ ಮೇಲೆ ನಿಜವಾದ ಕಲಿಕೆ ಬರುತ್ತದೆ. ಒಂದೇ ಮಾಲಿಗೆ ಎರಡು ಕಾಗುಣಿತ ಇರುತ್ತದೆ. ತಾರೀಖಿನಲ್ಲಿ ದಿನ ಮೊದಲೋ ತಿಂಗಳು ಮೊದಲೋ ಗೊಂದಲ. ಎಪಿಐ ಒಂದು ದಿನ ಉತ್ತರವನ್ನೇ ಕೊಡುವುದಿಲ್ಲ, ನಿನ್ನ ಪ್ರೋಗ್ರಾಂ ಬಿದ್ದುಹೋಗುತ್ತದೆ. ಅದೇ ದಿನದ ಡೇಟಾ ಎರಡು ಸಲ ಬಂದು ಟೇಬಲ್‌ನಲ್ಲಿ ಎರಡು ಸಾಲು ಕೂರುತ್ತವೆ. ಇದನ್ನೆಲ್ಲ ಸರಿಮಾಡಿದವಳಿಗೆ ಇಂಟರ್‌ವ್ಯೂನಲ್ಲಿ "ನೀನು ಎದುರಿಸಿದ ಕಷ್ಟ ಏನು" ಎಂದು ಕೇಳಿದರೆ ಬಾಯಿಪಾಠ ಬೇಕಾಗುವುದಿಲ್ಲ.

ಕೋಡನ್ನು ಮೊದಲ ದಿನದಿಂದಲೇ ಗಿಟ್‌ಹಬ್‌ಗೆ ಹಾಕು. ಎಲ್ಲ ಮುಗಿಸಿ ಒಂದೇ ಸಲ ಸುರಿಯಬೇಡ. ಕಮಿಟ್ (ಒಂದೊಂದು ಬದಲಾವಣೆಯ ದಾಖಲೆ) ನೋಡಿದರೆ ಯಾರು ಹೇಗೆ ಯೋಚಿಸಿದರು ಎಂದು ಗೊತ್ತಾಗುತ್ತದೆ. ಎಪಿಐ ಕೀ ಮಾತ್ರ ಗಿಟ್‌ಹಬ್‌ನಲ್ಲಿ ಕಾಣಬಾರದು, ಬೇರೆ ಫೈಲಿನಲ್ಲಿಟ್ಟು, ಗಿಟ್ ಬಿಟ್ಟುಬಿಡಬೇಕಾದ ಫೈಲುಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸು.

ನಾನು ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಯಲ್ಲಿದ್ದೇನೆ. ಸಂಬಳ ಬೆಂಗಳೂರಿಗಿಂತ ಕಡಿಮೆ, ಖರ್ಚೂ ಕಡಿಮೆ. ಆದರೆ ಸೇರಿದ ಮೊದಲ ತಿಂಗಳಲ್ಲೇ ನನ್ನ ಕೋಡು ಗ್ರಾಹಕರ ಹತ್ತಿರ ಹೋಗಿತ್ತು. ಮೈಸೂರು, ಮಂಗಳೂರು, ಹುಬ್ಬಳ್ಳಿ, ಬೆಳಗಾವಿಯಲ್ಲೂ ಕೆಲಸಗಳಿವೆ, ಬರೀ ಬೆಂಗಳೂರು ಎಂದು ಕೂರಬೇಡ.

ಡೇಟಾಬೇಸ್_ಅಕ್ಕ

ಹುಬ್ಬಳ್ಳಿಯವರು ಒಳ್ಳೆಯ ದಾರಿ ತೋರಿಸಿದ್ದಾರೆ. ನಾನು ಎಸ್‌ಕ್ಯೂಎಲ್ ಬಗ್ಗೆ ಮಾತ್ರ ಹೇಳುತ್ತೇನೆ. ಫ್ರೆಶರ್‌ಗಳು ಇದನ್ನು ಒಂದು ವಾರದ ವಿಷಯ ಎಂದುಕೊಳ್ಳುತ್ತಾರೆ, ಅದು ನನಗೆ ಬೇಸರದ ಸಂಗತಿ.

ನಾನು ಕೇಳುವ ಪ್ರಶ್ನೆ ಸರಳ. ಒಂದು ಟೇಬಲ್‌ನಲ್ಲಿ ಗ್ರಾಹಕರು, ಇನ್ನೊಂದರಲ್ಲಿ ಆರ್ಡರ್‌ಗಳು. ಒಂದೂ ಆರ್ಡರ್ ಮಾಡದ ಗ್ರಾಹಕರ ಪಟ್ಟಿ ಕೊಡಿ. ಹೆಚ್ಚಿನವರು ನಾಟ್ ಇನ್ (ಐಡಿ ಆರ್ಡರ್ ಪಟ್ಟಿಯಲ್ಲಿ ಇಲ್ಲದವರು) ಎಂದು ಬರೆಯುತ್ತಾರೆ. ಓಡುತ್ತದೆ, ಉತ್ತರ ಬರುತ್ತದೆ. ಆಮೇಲೆ ನಾನು ಆರ್ಡರ್ ಟೇಬಲ್‌ಗೆ ಒಂದು ಸಾಲು ಸೇರಿಸುತ್ತೇನೆ, ಅದರಲ್ಲಿ ಗ್ರಾಹಕರ ಐಡಿ ನಲ್. ಈಗ ಅದೇ ಕ್ವೆರಿ ಒಂದೂ ಸಾಲು ಕೊಡುವುದಿಲ್ಲ. ಯಾಕೆ? ನಲ್ ಎಂದರೆ "ಗೊತ್ತಿಲ್ಲ". ಗೊತ್ತಿಲ್ಲದ್ದರ ಜೊತೆ ಹೋಲಿಸಿದರೆ "ಇದು ಆ ಪಟ್ಟಿಯಲ್ಲಿ ಇಲ್ಲ" ಎಂದು ಡೇಟಾಬೇಸ್ ಖಾತ್ರಿಯಾಗಿ ಹೇಳಲಾರದು. ಆದ್ದರಿಂದ ಯಾರನ್ನೂ ಸೇರಿಸುವುದಿಲ್ಲ.

ಲೆಫ್ಟ್ ಜಾಯಿನ್ (ಮೊದಲ ಟೇಬಲ್‌ನ ಎಲ್ಲ ಸಾಲು ಉಳಿಸಿಕೊಂಡು ಎರಡನೆಯದನ್ನು ಜೋಡಿಸುವುದು) ಬರೆಯುವವರು ಇನ್ನೊಂದು ಕಡೆ ಎಡವುತ್ತಾರೆ. "ಈ ವರ್ಷ ಆರ್ಡರ್ ಮಾಡದವರು" ಎಂದು ಪ್ರಶ್ನೆ ಬದಲಿಸಿದರೆ ವರ್ಷದ ಷರತ್ತನ್ನು, ಜೋಡಿಸಿದ ಮೇಲೆ ಸಾಲುಗಳನ್ನು ಸೋಸುವ ವೇರ್ ಭಾಗದಲ್ಲಿ ಹಾಕಿಬಿಡುತ್ತಾರೆ. ಆಗ ಆರ್ಡರ್ ಇಲ್ಲದ ಗ್ರಾಹಕರೇ ಉದುರಿ ಹೋಗುತ್ತಾರೆ, ಯಾರನ್ನು ಹುಡುಕುತ್ತಿದ್ದೆವೋ ಅವರೇ! ಷರತ್ತು ಜಾಯಿನ್‌ನ ಆನ್ ಭಾಗದಲ್ಲಿ ಇರಬೇಕು.

ಬಾಯಿಪಾಠ ಮಾಡಬೇಡಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಉಚಿತ, ಹಾಕಿಕೊಳ್ಳಿ. ಎರಡು ಟೇಬಲ್, ಐದೈದು ಸಾಲು. ಕ್ವೆರಿ ಓಡಿಸುವ ಮುಂಚೆ ಉತ್ತರ ಏನು ಬರಬೇಕು ಎಂದು ಹಾಳೆಯಲ್ಲಿ ಬರೆದಿಡಿ, ಆಮೇಲೆ ಓಡಿಸಿ. ಎರಡೂ ಬೇರೆ ಬಂದ ಜಾಗದಲ್ಲಿ ಕಲಿಯಲು ಏನೋ ಇದೆ.

ಕೋರಮಂಗಲ_ಕೋಡ್

ಎಲ್ಲರೂ ಪ್ರಾಜೆಕ್ಟ್ ಎನ್ನುತ್ತಿದ್ದೀರಿ. ನನ್ನ ಅಭಿಪ್ರಾಯ ಬೇರೆ. ಪ್ರಾಜೆಕ್ಟ್ ನೋಡುವ ಹಂತಕ್ಕೆ ಹೋಗಬೇಕಾದರೆ ಮೊದಲು ಆನ್‌ಲೈನ್ ಟೆಸ್ಟ್ ದಾಟಬೇಕು. ಆ ಟೆಸ್ಟ್‌ನಲ್ಲಿ ಕೊಬ್ಬರಿ ಧಾರಣೆ ಕೇಳುವುದಿಲ್ಲ, ಅರೇ (ಮೌಲ್ಯಗಳ ಪಟ್ಟಿ) ಮತ್ತು ಸ್ಟ್ರಿಂಗ್ (ಅಕ್ಷರಗಳ ಸರಣಿ) ಕೇಳುತ್ತಾರೆ. ಡಿಎಸ್‌ಎ ಬಿಟ್ಟರೆ ಪ್ರಾಡಕ್ಟ್ (ಸ್ವಂತ ಸಾಫ್ಟ್‌ವೇರ್ ಮಾಡಿ ಮಾರುವ) ಕಂಪನಿಗಳ ಬಾಗಿಲು ಮುಚ್ಚಿದ ಹಾಗೆ. ದೊಡ್ಡ ಸರ್ವಿಸ್ (ಬೇರೆಯವರಿಗೆ ಸಾಫ್ಟ್‌ವೇರ್ ಮಾಡಿಕೊಡುವ) ಕಂಪನಿಗಳಲ್ಲೂ ಒಂದೇ ಪರೀಕ್ಷೆಯಲ್ಲಿ ಜಾಸ್ತಿ ಅಂಕ ತೆಗೆದವರಿಗೆ ಜಾಸ್ತಿ ಸಂಬಳದ ಹುದ್ದೆ ಸಿಗುತ್ತದೆ. ಕೆಳಗಿನ ಹುದ್ದೆಗೆ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸು, ಎಷ್ಟೋ ವರ್ಷದಿಂದ ಹೆಚ್ಚುಕಡಿಮೆ ಅಲ್ಲೇ ನಿಂತಿದೆ. ಮೇಲಿನದಕ್ಕೆ ಅದರ ಎರಡರಷ್ಟು.

ದಿನಾ ಒಂದೋ ಎರಡೋ ಸಮಸ್ಯೆ ಬಿಡಿಸಿ. ಅರೇ, ಸ್ಟ್ರಿಂಗ್, ಹ್ಯಾಶ್‌ಮ್ಯಾಪ್, ಸ್ಟ್ಯಾಕ್, ಲಿಂಕ್ಡ್ ಲಿಸ್ಟ್, ಟ್ರೀ, ಬೈನರಿ ಸರ್ಚ್. ಡೈನಾಮಿಕ್ ಪ್ರೋಗ್ರಾಮಿಂಗ್ ಕೊನೆಗೆ.

ಬಸವನಗುಡಿ_ಬ್ಯಾಕೆಂಡ್

ಕೋರಮಂಗಲದವರು ಹೇಳಿದ ಪಟ್ಟಿಯನ್ನು ನಾನೂ ಒಪ್ಪುತ್ತೇನೆ. ಒಪ್ಪದಿರುವುದು ಒಂದೇ: ಆರು ತಿಂಗಳು ಬರೀ ಅದನ್ನೇ ಮಾಡುವುದು. ಐವತ್ತು ಸಮಸ್ಯೆಯನ್ನು ನೋಡದೆ ಮತ್ತೆ ಬಿಡಿಸಬಲ್ಲವರು, ಐನೂರರ ಉತ್ತರ ನೋಡಿಕೊಂಡು ಹೋದವರಿಗಿಂತ ಚೆನ್ನಾಗಿ ನಿಲ್ಲುತ್ತಾರೆ.

ಇಂಟರ್‌ವ್ಯೂನಲ್ಲಿ ಸ್ಟ್ರಿಂಗ್ ತಿರುಗಿಸಿ ಎಂದು ಎಲ್ಲರೂ ಕೇಳುತ್ತಾರೆ. ನಾನು ಕೆಲವು ಸಲ ಕನ್ನಡದ ಪದ ಕೊಡುತ್ತೇನೆ. "ಕರ್ನಾಟಕ" ಎಂಬುದರ ಉದ್ದ ಎಷ್ಟು? ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಜಾವಾ ಏಳು ಎನ್ನುತ್ತದೆ, ಯಾಕೆಂದರೆ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಅರ್ಕಾವತ್ತಿನ ರ, ವಿರಾಮ, ನ, ದೀರ್ಘದ ಗುರುತು ಎಲ್ಲ ಬೇರೆ ಬೇರೆ. ಹಾಗೇ ತಿರುಗಿಸಿದರೆ "ಕಟಾನ್ರಕ" ಎಂದು ಬರುತ್ತದೆ. ಪೂರ್ತಿ ಉತ್ತರ ಬರಬೇಕೆಂದೇನೂ ಇಲ್ಲ. "ಅರೆ, ಇದು ಯಾಕೆ ಹೀಗಾಯಿತು" ಎಂದು ಹಿಡಿದು ಎಳೆಯುವವರು ಬೇಕು ನಮಗೆ. ನಿಮ್ಮ ಧಾರಣೆ ಪುಟದಲ್ಲಿ ಕನ್ನಡ ಹುಡುಕಾಟ ಇಟ್ಟರೆ ಇದು ನಿಮಗೇ ಎದುರಾಗುತ್ತದೆ.

ಮಂಗಳೂರು_ಟೆಸ್ಟರ್

ಟೆಸ್ಟಿಂಗ್ ದಾರಿಯನ್ನು ಯಾರೂ ಹೇಳಲಿಲ್ಲ. ನಾನು ಮ್ಯಾನ್ಯುಯಲ್ ಟೆಸ್ಟಿಂಗ್‌ನಿಂದ ಶುರು ಮಾಡಿ, ಟೆಸ್ಟ್‌ಗಳನ್ನು ತಾನಾಗಿಯೇ ಓಡಿಸುವ ಸೆಲೆನಿಯಂ ಕಲಿತು, ಈಗ ಡೆವಲಪ್‌ಮೆಂಟ್ ಟೀಮಿನಲ್ಲೇ ಇದ್ದೇನೆ. ಮೊದಲ ಕೆಲಸ ಟೆಸ್ಟಿಂಗ್ ಆದರೆ ಅವಮಾನ ಏನಿಲ್ಲ. ಬೇರೆಯವರ ಕೋಡು ಎಲ್ಲಿ ಒಡೆಯುತ್ತದೆ ಎಂದು ಗೊತ್ತಿರುವವರು ತಮ್ಮ ಕೋಡನ್ನೂ ಎಚ್ಚರದಿಂದ ಬರೆಯುತ್ತಾರೆ.

ಪ್ರೊಡಕ್ಷನ್ ಸಪೋರ್ಟ್ (ಬಳಕೆಯಲ್ಲಿರುವ ಸಾಫ್ಟ್‌ವೇರಿನ ದೂರುಗಳನ್ನು, ಅಂದರೆ ಟಿಕೆಟ್‌ಗಳನ್ನು ನೋಡಿಕೊಳ್ಳುವ ಕೆಲಸ) ಬಗ್ಗೆ ಮಾತ್ರ ಹುಷಾರು. ರಾತ್ರಿ ಪಾಳಿಯಲ್ಲಿ ಟಿಕೆಟ್ ಮುಚ್ಚುವುದೇ ಕೆಲಸವಾಗಿ, ಕೋಡು ತೆರೆಯಲು ಅನುಮತಿಯೇ ಇಲ್ಲದ ಹುದ್ದೆಗಳಿವೆ. ಸೇರುವಾಗಲೇ ಕೇಳಿ: ಟಿಕೆಟ್ ಬಂದರೆ ಕೋಡ್ ಸರಿಮಾಡುವುದು ನಾವೋ ಬೇರೆ ಟೀಮೋ? ನಾವೇ ಅಂದರೆ ಧೈರ್ಯವಾಗಿ ಸೇರಿ.

ಸಾಗರದ_ಸರ್ವರ್

ಎಐ ಬಗ್ಗೆ ಯಾರೂ ಮಾತಾಡಿಲ್ಲ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಫ್ರೆಶರ್‌ಗಳಿಗೆ ಕೊಡುತ್ತಿದ್ದ ಸಣ್ಣ ಕೆಲಸಗಳಲ್ಲಿ ಎಷ್ಟೋ ಅದರಿಂದಲೇ ಆಗುತ್ತಿವೆ. ಒಂದು ಫಾರ್ಮ್ ಮಾಡು, ಒಂದು ಟೆಸ್ಟ್ ಬರೆ ಅನ್ನುವಂಥವು. ಹಾಗಿರುವಾಗ ಹೊಸಬರು ಏನು ಮಾಡಬೇಕು? ಭಯ ಹುಟ್ಟಿಸಲು ಕೇಳುತ್ತಿಲ್ಲ, ನನ್ನ ತಮ್ಮನೂ ಇದೇ ದಾರಿಯಲ್ಲಿದ್ದಾನೆ.

ಹುಬ್ಬಳ್ಳಿ_ಹೈದ

ನಮ್ಮಲ್ಲಿ ಎಲ್ಲರೂ ಬಳಸುತ್ತೇವೆ, ಬಳಸಬೇಡ ಎಂದು ಯಾರಿಗೂ ಹೇಳುವುದಿಲ್ಲ. ಆದರೆ ಇಂಟರ್‌ವ್ಯೂ ಬದಲಾಗಿದೆ. ಈಗ ಸ್ಕ್ರೀನ್ ಹಂಚಿಕೊಳ್ಳಲು ಹೇಳುತ್ತೇವೆ. ಅವರದೇ ಪ್ರಾಜೆಕ್ಟ್ ತೆರೆಸಿ, "ಈ ಪಟ್ಟಿ ಬೆಲೆ ಪ್ರಕಾರ ಬರಲಿ" ಎಂಥದ್ದೋ ಒಂದು ಸಣ್ಣ ಬದಲಾವಣೆ ಕೇಳುತ್ತೇವೆ. ತಾನೇ ಕಟ್ಟಿದವರು ಯಾವ ಫೈಲಿಗೆ ಹೋಗಬೇಕೆಂದು ನೇರ ಹೋಗುತ್ತಾರೆ. ಎಐ ಬರೆದದ್ದನ್ನು ಓದದೆ ಇಟ್ಟುಕೊಂಡವರು ಫೋಲ್ಡರ್‌ಗಳಲ್ಲಿ ಅಲೆಯುತ್ತಾರೆ.

ಕಲಿಯುವಾಗ ನನ್ನ ಸಲಹೆ: ಮೊದಲು ನೀವೇ ಬರೆಯಿರಿ. ಓಡದಿದ್ದರೆ ಎರರ್ ಮೆಸೇಜನ್ನು ಪೂರ್ತಿ ಓದಿ. ಆಗದಿದ್ದರೆ ಎಐ ಹತ್ತಿರ "ಸರಿಮಾಡಿಕೊಡು" ಎನ್ನಬೇಡಿ, "ಯಾಕೆ ಹೀಗಾಗುತ್ತಿದೆ" ಎಂದು ಕೇಳಿ. ಅದು ಹೇಳಿದ್ದು ಸರಿಯೇ ಎಂದು ಓಡಿಸಿ ನೋಡಿ, ಎಷ್ಟೋ ಸಲ ಇಲ್ಲದ ಫಂಕ್ಷನ್ ಹೆಸರನ್ನೂ ಹೇಳುತ್ತದೆ.

ತಿಪಟೂರು_ಬಿಸಿಎ

ಇನ್ನೊಂದು ಹೆದರಿಕೆ ಇದೆ. ಇಂಗ್ಲಿಷ್. ಓದಿದರೆ ಅರ್ಥವಾಗುತ್ತದೆ, ಮಾತಾಡಲು ಹೋದರೆ ನಾಲಿಗೆ ಏಳುವುದಿಲ್ಲ. ಫೋನಿನಲ್ಲಿ ಒಂದು ಇಂಟರ್‌ವ್ಯೂ ಆಯಿತು. ಉತ್ತರ ಗೊತ್ತಿತ್ತು, ಹೇಳಲು ಆಗಲಿಲ್ಲ.

ರಾಯಚೂರು_ಜಾವಾ

ನಾನೂ ಕನ್ನಡ ಮೀಡಿಯಂ. ಇದನ್ನು ದಾಟಬಹುದು, ನಂಬಿ.

ಇಂಟರ್‌ವ್ಯೂಗೆ ಬೇಕಾದ ಇಂಗ್ಲಿಷ್ ತುಂಬಾ ಚಿಕ್ಕದು. ನಿಮ್ಮ ಪ್ರಾಜೆಕ್ಟ್ ಏನು ಮಾಡುತ್ತದೆ, ಡೇಟಾ ಎಲ್ಲಿಂದ ಬರುತ್ತದೆ, ಎಲ್ಲಿ ಉಳಿಯುತ್ತದೆ, ಏನು ಕಷ್ಟವಾಯಿತು, ಹೇಗೆ ಸರಿಹೋಯಿತು. ಇವನ್ನು ಮೊದಲು ಕನ್ನಡದಲ್ಲಿ ಗಟ್ಟಿಯಾಗಿ ಹೇಳಿ. ಅಮ್ಮನಿಗೋ ತಮ್ಮನಿಗೋ ಹೇಳಿ. ಕನ್ನಡದಲ್ಲೇ ತಡವರಿಸಿದರೆ ತೊಂದರೆ ಇಂಗ್ಲಿಷಿನದಲ್ಲ, ವಿಷಯ ಇನ್ನೂ ಕೈಗೆ ಬಂದಿಲ್ಲ. ಆಮೇಲೆ ಅದನ್ನೇ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಹೇಳಿ, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಮೊದಲು ಕೇಳಲು ಮುಜುಗರವಾಗುತ್ತದೆ. ಬಿಡಬೇಡಿ.

ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಮ್ಮೆ ಹೇಳಿ ಎಂದು ಕೇಳಿ, ಯಾರೂ ಅಂಕ ಕಳೆಯುವುದಿಲ್ಲ. ಇಂಟರ್‌ವ್ಯೂ ಮಾಡುವವರು ಕನ್ನಡದವರು ಎಂದು ಗೊತ್ತಾದರೆ "ಈ ಭಾಗ ಕನ್ನಡದಲ್ಲಿ ಹೇಳಬಹುದಾ" ಎಂದೂ ಕೇಳಬಹುದು. ನನಗೆ ಒಬ್ಬರು ಹೇಳಿ ಎಂದಿದ್ದರು. ಆ ಹತ್ತು ನಿಮಿಷದ ಧೈರ್ಯದಲ್ಲಿ ಉಳಿದದ್ದನ್ನು ಇಂಗ್ಲಿಷಿನಲ್ಲೇ ಹೇಳಿದೆ.

ಕಾಲೇಜು_ಮೇಷ್ಟ್ರು

ಬಿಸಿಎ ಪಾಠ ಮಾಡುವವನು. ನಮ್ಮ ಮಕ್ಕಳಿಗೆ ಗೊತ್ತಿಲ್ಲದೇ ಹೋಗುವ ಬಾಗಿಲುಗಳನ್ನು ಹೇಳುತ್ತೇನಮ್ಮ.

ಹತ್ತನೇ ಕ್ಲಾಸು, ಪಿಯುಸಿ, ಡಿಗ್ರಿ ಮೂರರಲ್ಲೂ 60% ಕೇಳುವ ಕಂಪನಿಗಳಿವೆ. ನಿನ್ನ ಪಿಯುಸಿ ಅಂಕಕ್ಕೆ ಅವು ಸಿಗಲಿಕ್ಕಿಲ್ಲ. ಅದಕ್ಕೆ ಕೊರಗಬೇಡ, ಎಲ್ಲರೂ ಹಾಗಿಲ್ಲ. ಟಿಸಿಎಸ್‌ನವರು ಬಿಸಿಎ, ಬಿಎಸ್‌ಸಿಯವರನ್ನು ಪ್ರತ್ಯೇಕವಾಗಿ ತೆಗೆದುಕೊಳ್ಳುತ್ತಾರೆ. ವಿಪ್ರೋದ ವಿಲ್ಪ್ ಕೂಡ ಇವರಿಗೇ ಇರುವುದು, ಕೆಲಸದ ಜೊತೆ ಎಂ.ಟೆಕ್ ಓದಿಸುತ್ತಾರೆ, ಬದಲಿಗೆ ಕೆಲವು ವರ್ಷ ಇರಬೇಕೆಂಬ ಒಪ್ಪಂದ ಇರುತ್ತದೆ. ಪ್ರತಿ ವರ್ಷದ ಅರ್ಹತೆಯನ್ನು ಅವರವರ ವೆಬ್‌ಸೈಟಿನಲ್ಲೇ ನೋಡು, ವಾಟ್ಸಾಪ್ ಫಾರ್ವರ್ಡ್ ನಂಬಬೇಡ.

ಅಪ್ರೆಂಟಿಸ್ ದಾರಿಯನ್ನು ಜನ ಐಟಿಐಗೆ ಮಾತ್ರ ಎಂದುಕೊಂಡಿದ್ದಾರೆ. 1961ರ ಅಪ್ರೆಂಟಿಸ್ ಕಾಯಿದೆಯಡಿ ಪದವೀಧರರಿಗೂ ಇದೆ. ಅದಕ್ಕೆಂದೇ ಕೇಂದ್ರ ಸರ್ಕಾರದ ನ್ಯಾಟ್ಸ್ ಪೋರ್ಟಲ್ ಇದೆ, ಅದರಲ್ಲಿ ನೋಂದಾಯಿಸಿಕೋ. ಸಾಮಾನ್ಯವಾಗಿ ಒಂದು ವರ್ಷ, ಸ್ಟೈಪೆಂಡ್ ಸಿಗುತ್ತದೆ, ಕೊನೆಗೆ ಸರ್ಟಿಫಿಕೇಟ್. ರೆಸ್ಯೂಮೆಯಲ್ಲಿ ಅದು ನಿಜವಾದ ಅನುಭವ.

ಪಾಸಾಗಿ 180 ದಿನವಾದರೂ ಕೆಲಸ ಸಿಗದಿದ್ದರೆ ರಾಜ್ಯ ಸರ್ಕಾರದ ಯುವನಿಧಿ ಇದೆ. ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಸೇವಾಸಿಂಧುವಿನಲ್ಲಿ ಅರ್ಜಿ. ಉನ್ನತ ಶಿಕ್ಷಣಕ್ಕೆ ಸೇರಿದರೆ ಬರುವುದಿಲ್ಲ. ಇಂಟರ್ನೆಟ್‌ಗೆ, ಬೆಂಗಳೂರಿಗೆ ಇಂಟರ್‌ವ್ಯೂಗೆ ಹೋಗಿಬರುವ ಖರ್ಚಿಗೆ ಆಗುತ್ತದೆ.

ಕಲಿಯಲು ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಆನ್‌ಲೈನ್ ಪಾಠಗಳು ಉಚಿತ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ 1,000 ರೂಪಾಯಿ. ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್, ಫ್ರೀಕೋಡ್‌ಕ್ಯಾಂಪ್, ಹಾರ್ವರ್ಡಿನ ಸಿಎಸ್50 ಇವಕ್ಕೂ ದುಡ್ಡು ಕಟ್ಟಬೇಕಿಲ್ಲ. ಇವುಗಳಲ್ಲಿ ಒಂದನ್ನು ಹಿಡಿದು ಮುಗಿಸು.

ಎಂಸಿಎ ಈಗ ಎರಡು ವರ್ಷ. ಕೆಇಎ ನಡೆಸುವ ಪಿಜಿಸಿಇಟಿ ಬರೆದು ಒಳ್ಳೆಯ ಕ್ಯಾಂಪಸ್ ಇರುವ ಕಾಲೇಜು ಸಿಕ್ಕರೆ ಸೇರು. ಕೆಲಸ ಸಿಗಲಿಲ್ಲ ಎಂದು ಎಲ್ಲೋ ಒಂದು ಕಡೆ ಸೇರುವುದಾದರೆ ಎರಡು ವರ್ಷದ ಮೇಲೆ ಇದೇ ಪ್ರಶ್ನೆ ಮತ್ತೆ ಕೇಳುತ್ತಿರುತ್ತೀಯ.

ತಿಪಟೂರು_ಬಿಸಿಎ

ಎಲ್ಲರಿಗೂ ಮತ್ತೆ ನಮಸ್ಕಾರ. ಕೆಲವು ವಾರ ಬರೆಯಲಾಗಲಿಲ್ಲ, ಕೆಲಸ ನಡೆಯುತ್ತಿತ್ತು.

ಕೊಬ್ಬರಿ ಧಾರಣೆಯ ಪುಟ ಓಡುತ್ತಿದೆ. ಸ್ಪ್ರಿಂಗ್ ಬೂಟ್, ಪೋಸ್ಟ್‌ಗ್ರೆಸ್. ದಿನಾ ಸಂಜೆ ದರ ತಂದು ಟೇಬಲ್‌ಗೆ ಹಾಕುತ್ತದೆ. ಹುಬ್ಬಳ್ಳಿ ಅಣ್ಣ ಹೇಳಿದ ಹಾಗೇ ಒಂದೇ ದಿನದ ಸಾಲು ಎರಡೆರಡು ಸಲ ಬಂದವು. ಮಾರುಕಟ್ಟೆ, ಮಾಲು, ತಾರೀಖು ಮೂರಕ್ಕೂ ಸೇರಿಸಿ ಯುನೀಕ್ ಎಂದು ಹಾಕಿದ ಮೇಲೆ ನಿಂತಿತು. ಅಪ್ಪ ದಿನಾ ತೆರೆಯುತ್ತಾರೆ. ಅವರ ಗ್ರೂಪಿನವರೂ ನೋಡುತ್ತಾರೆ. ಒಬ್ಬರು ಅರಸೀಕೆರೆ ದರವೂ ಬೇಕು ಅಂದರು, ಸೇರಿಸಿದೆ.

ಎರಡು ಪ್ರಶ್ನೆ. ವಾರದಲ್ಲಿ ಎಲ್ಲ ದಿನ ಹರಾಜು ಇರುವುದಿಲ್ಲ. ಆ ದಿನಗಳಿಗೆ ಸೊನ್ನೆ ಹಾಕಿದ್ದೇನೆ, ಗ್ರಾಫ್ ಗರಗಸದ ಹಾಗೆ ಮೇಲೆ ಕೆಳಗೆ ಹೋಗುತ್ತಿದೆ, ವಾರದ ಸರಾಸರಿಯೂ ತಪ್ಪು ಬರುತ್ತಿದೆ. ಹೇಗೆ ಸರಿಮಾಡಲಿ? ಎರಡನೆಯದು, ಲಿಂಕ್ಡ್‌ಇನ್‌ನಲ್ಲಿ ರೆಫರಲ್ (ಕಂಪನಿಯಲ್ಲಿ ಇರುವವರ ಶಿಫಾರಸು) ಕೇಳಿದರೆ ಯಾರೂ ಉತ್ತರ ಕೊಡುತ್ತಿಲ್ಲ.

ಬಸವನಗುಡಿ_ಬ್ಯಾಕೆಂಡ್

ಅರಸೀಕೆರೆ ಕಥೆಯನ್ನು ಇಂಟರ್‌ವ್ಯೂನಲ್ಲಿ ಖಂಡಿತ ಹೇಳಿ. ಬಳಸುವವರು ಕೇಳಿದರು, ನಾನು ಸೇರಿಸಿದೆ. ಇಷ್ಟು ಹೇಳಬಲ್ಲ ಫ್ರೆಶರ್‌ಗಳು ಕಡಿಮೆ.

ರೆಫರಲ್‌ಗೆ "ಸರ್, ಏನಾದರೂ ಕೆಲಸ ಇದೆಯಾ" ಎಂದು ಕಳಿಸಿದರೆ ಉತ್ತರ ಬರುವುದಿಲ್ಲ. ಓದುವವರಿಗೆ ಏನು ಮಾಡಬೇಕು ಎಂದು ಗೊತ್ತಾಗುವುದಿಲ್ಲ. ಮೊದಲು ಆ ಕಂಪನಿಯ ಕರಿಯರ್ಸ್ ಪುಟದಲ್ಲಿ ನಿಮಗೆ ಹೊಂದುವ ಹುದ್ದೆ ಹುಡುಕಿ. ಅದರ ಐಡಿ, ಎರಡು ಸಾಲಿನಲ್ಲಿ ನೀವು ಯಾರು, ಪುಟದ ಲಿಂಕ್, ಗಿಟ್‌ಹಬ್ ಲಿಂಕ್, ಒಂದು ಪುಟದ ರೆಸ್ಯೂಮೆ. ಇಷ್ಟು ಒಂದೇ ಮೆಸೇಜಿನಲ್ಲಿ. ನಿಮ್ಮ ಕಾಲೇಜಿನ ಸೀನಿಯರ್‌ಗಳಿಂದ ಶುರು ಮಾಡಿ.

ರೆಸ್ಯೂಮೆಯಿಂದ ತಂದೆಯ ಹೆಸರು, ಧರ್ಮ, ಮದುವೆಯ ವಿವರ, ಕೊನೆಯ ಡಿಕ್ಲರೇಷನ್ ಎಲ್ಲ ತೆಗೆಯಿರಿ. ಉಳಿದ ಜಾಗಕ್ಕೆ ಪ್ರಾಜೆಕ್ಟ್ ವಿವರ. ಶಾಪಿಂಗ್ ಸೈಟ್ ತೆಗೆದುಬಿಡಿ. ಸಿದ್ಧವಾದ ಮೇಲೆ ನನಗೆ ಇಲ್ಲೇ ಮೆಸೇಜ್ ಮಾಡಿ. ನಮ್ಮಲ್ಲಿ ಹುದ್ದೆ ತೆರೆದಾಗ ನಾನೇ ರೆಫರ್ ಮಾಡುತ್ತೇನೆ. ಇಂಟರ್‌ವ್ಯೂ ಬೇರೆಯವರು ಮಾಡುತ್ತಾರೆ, ಅದು ನಿಮ್ಮ ಕೈಯಲ್ಲಿದೆ.

ಡೇಟಾಬೇಸ್_ಅಕ್ಕ

ಸರಾಸರಿ ಪ್ರಶ್ನೆ ನನ್ನದು. ಸೊನ್ನೆ ಎಂದರೆ "ಕೊಬ್ಬರಿ ಬೆಲೆ ಸೊನ್ನೆ ರೂಪಾಯಿ" ಎಂದು ಡೇಟಾಬೇಸ್ ನಂಬುತ್ತದೆ. ಉದಾಹರಣೆಗೆ ವಾರದಲ್ಲಿ ಎರಡು ದಿನ ಹರಾಜು, 20,000 ಮತ್ತು 22,000. ನಿಜವಾದ ಸರಾಸರಿ 21,000. ಉಳಿದ ಐದು ದಿನಕ್ಕೆ ಸೊನ್ನೆ ಇದ್ದರೆ ಅದೇ ಲೆಕ್ಕ 6,000 ತೋರಿಸುತ್ತದೆ. ಎಸ್‌ಕ್ಯೂಎಲ್‌ನ ಸರಾಸರಿ ಫಂಕ್ಷನ್ ನಲ್‌ಗಳನ್ನು ಬಿಟ್ಟು ಲೆಕ್ಕ ಹಾಕುತ್ತದೆ, ಸೊನ್ನೆಯನ್ನು ಬಿಡುವುದಿಲ್ಲ.

ಹರಾಜು ಇಲ್ಲದ ದಿನಕ್ಕೆ ದರದ ಟೇಬಲ್‌ನಲ್ಲಿ ಸಾಲೇ ಬೇಡ. ಆದರೆ "ಹರಾಜು ಇರಲಿಲ್ಲ" ಮತ್ತು "ಹರಾಜು ಆಯಿತು, ದರ ಇನ್ನೂ ಅಪ್‌ಲೋಡ್ ಆಗಿಲ್ಲ" ಇವೆರಡೂ ಬೇರೆ ಸಂಗತಿ. ರೈತರಿಗೆ ಆ ವ್ಯತ್ಯಾಸ ಮುಖ್ಯ. ಹರಾಜಿನ ದಿನಗಳಿಗೆ ಇನ್ನೊಂದು ಚಿಕ್ಕ ಟೇಬಲ್ ಮಾಡಿ, ಅದರಿಂದ ದರದ ಟೇಬಲ್‌ಗೆ ಲೆಫ್ಟ್ ಜಾಯಿನ್ ಮಾಡಿ. ದರ ನಲ್ ಬಂದ ದಿನ ಪುಟದಲ್ಲಿ "ದರ ಇನ್ನೂ ಬಂದಿಲ್ಲ" ಎಂದು ತೋರಿಸಿ. ಗ್ರಾಫ್‌ನಲ್ಲಿ ಹರಾಜಿನ ದಿನಗಳ ಚುಕ್ಕೆಗಳನ್ನು ಮಾತ್ರ ಗೆರೆಯಿಂದ ಸೇರಿಸಿ.

ಈಗಾಗಲೇ ಕೂತಿರುವ ಸೊನ್ನೆಗಳನ್ನು ಅಳಿಸುವ ಮುಂಚೆ ಟೇಬಲ್‌ನ ಒಂದು ಪ್ರತಿ ತೆಗೆದಿಡಿ. ಡಿಲೀಟ್ ಓಡಿಸುವ ಮೊದಲು ಅದೇ ಷರತ್ತಿನಲ್ಲಿ ಸೆಲೆಕ್ಟ್ ಓಡಿಸಿ, ಎಷ್ಟು ಸಾಲು ಬರುತ್ತವೆ ನೋಡಿ. ಕ್ವೆರಿ ಇಲ್ಲೇ ಹಾಕಿ, ಇವತ್ತು ರಾತ್ರಿ ನೋಡುತ್ತೇನೆ.